ಮಂಚದ ಕಬ್ಬಿಣ

"ಯಾರು ಅದನ್ನ ಚಾಲೂ ಮಾಡಿದ್ದು?"

ಅಡುಗೆಮನೆಯ ಕಿಟಕಿಯಿಂದ ಬಂದ ಪ್ರಶ್ನೆ. ಯಾರನ್ನೂ ಕೇಳಿದ್ದಲ್ಲ. ಅಮ್ಮ ನೀರು ತೊಟ್ಟಿಕ್ಕುವ ತಟ್ಟೆಯನ್ನು ಕೈಯಲ್ಲಿ ಹಿಡಿದು, ನಲ್ಲಿ ನಿಲ್ಲಿಸಿ, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿಕೊಂಡು ನಿಂತಿದ್ದಾಳೆಂದು ಹಿತ್ತಲಿನ ಶೆಡ್ಡಿನಲ್ಲಿದ್ದ ಅವನಿಗೆ ನೋಡದೆಯೇ ಗೊತ್ತಿತ್ತು. ಊಟ ಮುಗಿದು, ಬೀದಿಯ ಬಾಗಿಲುಗಳೆಲ್ಲ ಮುಚ್ಚಿ, ಎದುರು ಮನೆಯ ನಾಯಿ ಕೂಡ ನೆರಳು ಹುಡುಕಿಕೊಂಡು ಮೈ ಚೆಲ್ಲುವ ಈ ಹೊತ್ತಿಗೇ ಆ ಪ್ರಶ್ನೆ ಬರುವುದು. ಅಪ್ಪ ಹೋದಮೇಲೆ ಶುರುವಾದದ್ದು. ಮೊದಮೊದಲು ಅಪರೂಪಕ್ಕೆ, ಈಗೀಗ ದಿನಾ. ಚಾಲೂ ಆಗುವಂಥದ್ದು ಶೆಡ್ಡಿನಲ್ಲಿ ಇದ್ದದ್ದು ಒಂದೇ: ಅಪ್ಪನ ಸರಕಿನ ವ್ಯಾನಿನಿಂದ ಇಳಿಸಿಟ್ಟ, ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್. ವ್ಯಾನು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಇಂಜಿನ್ನಿಗೆ ಎಣ್ಣೆಯಿಲ್ಲ, ಬ್ಯಾಟರಿಯಿಲ್ಲ, ಹೊಗೆ ಹೋಗುವ ಕೊಳವೆಯಿಲ್ಲ. ಒಳಗೆಲ್ಲ ತುಕ್ಕು ಕಚ್ಚಿ ಜಾಮಾಗಿ, ಉದ್ದನೆಯ ಪಾನಾ ಹಾಕಿ ಇಬ್ಬರು ಜಗ್ಗಿದರೂ ಕೂದಲೆಳೆಯಷ್ಟು ಅಲುಗುತ್ತಿರಲಿಲ್ಲ. ಇವತ್ತಂತೂ ಅದು ನೆಲದ ಮೇಲೂ ಇರಲಿಲ್ಲ. ಅವನು ಕಟ್ಟಿದ ಕಬ್ಬಿಣದ ಸ್ಟ್ಯಾಂಡಿನ ನಾಲ್ಕು ಕೈಗಳಿಗೆ ಬೆನ್ನು ಕೊಟ್ಟು, ಅವನ ಎದೆಯ ಎತ್ತರದಲ್ಲಿ, ಹೊಟ್ಟೆ ಮೇಲೆ ಮಾಡಿಕೊಂಡು, ಆಪರೇಷನ್ನಿಗೆ ಮಲಗಿಸಿದವರ ಹಾಗೆ ತೂಗಿಕೊಂಡಿತ್ತು. ತಲೆಯ ಭಾಗವನ್ನೂ ಕೆಳಗಿನ ಎಣ್ಣೆ ತೊಟ್ಟಿಯನ್ನೂ ಹೋದ ವಾರವೇ ಬಿಚ್ಚಿಟ್ಟಾಗಿತ್ತು.

"ಯಾರೂ ಇಲ್ಲಮ್ಮ, ನಾನೇ. ಸುತ್ತಿಗೆ ಸದ್ದು ಅದು" ಎಂದು ಕೂಗಿದ. ಸುತ್ತಿಗೆ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ನಲ್ಲಿ ಮತ್ತೆ ಬಿಟ್ಟುಕೊಂಡ ಸಪ್ಪಳವಾಯಿತು. ಅಮ್ಮ ನಂಬಿದಳೆಂದಲ್ಲ, ಅವಳು ಅವನ ಸುಳ್ಳನ್ನು, ಮಗ ಬಡಿಸಿದ ಉಪ್ಪಿಲ್ಲದ ಪಲ್ಯದ ಹಾಗೆ, ಮಾತಾಡದೆ ಪಕ್ಕಕ್ಕೆ ಸರಿಸುತ್ತಾಳೆ.

ಸಂಜೆಯೊಳಗೆ ಅಕ್ಕ ಬರುವವಳಿದ್ದಳು. ಊರಾಚೆಯ ಆರೈಕೆ ಮನೆಯಲ್ಲಿ ಅಮ್ಮನಿಗೊಂದು ಕೋಣೆ ಗೊತ್ತು ಮಾಡಿ, ಅಲ್ಲಿನ ಹಾಸಿಗೆಯ ಮೇಲೆ ತಾನೇ ಕೂತು ನೋಡಿ, ಕಿಟಕಿಯಿಂದ ಮರ ಕಾಣುತ್ತದೆ ಎಂದು ಫೋನಿನಲ್ಲಿ ಹೇಳಿದ್ದಳು. ಅವಳನ್ನು ಕೆಟ್ಟವಳೆನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಅಮ್ಮ ಒಲೆಯ ಮೇಲೆ ಪಾತ್ರೆಯಿಟ್ಟು, ಸದ್ದಿನ ಬೆನ್ನು ಹತ್ತಿ ಶೆಡ್ಡಿಗೆ ಹೋಗಿ ನಿಂತು, ಪಾತ್ರೆ ಸೀದು ಕಿಟಕಿಯ ಪರದೆಗೆ ಬೆಂಕಿ ತಗುಲಿದ ದಿನ ಮನೆಯಲ್ಲಿದ್ದದ್ದು ಅವನಲ್ಲ, ಎರಡು ದಿನ ಇದ್ದು ಹೋಗಲು ಬಂದಿದ್ದ ಅಕ್ಕ. ಉರಿಯುವ ಪರದೆಯನ್ನು ಬರಿಗೈಯಲ್ಲಿ ಕಿತ್ತ ಕಲೆ ಅವಳ ಅಂಗೈ ಮೇಲೆ ಇನ್ನೂ ಇದೆ. "ನಾನೇನು ರಾಕ್ಷಸೀನೇನೋ? ಅಮ್ಮನ ಬಾಯಲ್ಲೇ ಬರಲಿ, ಈಗ ಕೇಳಿಸಲ್ಲ ಅಂತ. ಒಂದು ಸಲ ಸಾಕು, ಬಂದ ದಾರಿ ಹಿಡಿದು ವಾಪಸ್ ಹೋಗ್ತೀನಿ. ಅವಳು ಸುಳ್ಳು ಹೇಳೋಳಲ್ಲ, ಅಷ್ಟು ನನಗೆ ಗೊತ್ತು" ಎಂದಿದ್ದಳು. ಆ ಒಂದು ಮಾತು ಬರಿಸುವುದಕ್ಕಾಗಿಯೇ ಈ ಸ್ಟ್ಯಾಂಡು. ಇಂಜಿನ್ ಬಿಚ್ಚಿ ಒಳಗಿನ ಕರುಳೆಲ್ಲ ಗೋಣಿಯ ಮೇಲೆ ಹರಡಿ, ಬರಿದಾದ ಬ್ಲಾಕನ್ನು, ಇಂಜಿನ್ನಿನ ಆ ಖಾಲಿ ಒಡಲನ್ನು, ಅಮ್ಮನ ಕಣ್ಣೆದುರು ಹಿಂದೆ ಮುಂದೆ ತಿರುಗಿಸಿ ತೋರಿಸಿದರೆ, ಈ ಕಡೆಯಿಂದ ಆ ಕಡೆಗೆ ಬೆಳಕು ಹಾಯುವ ನಾಲ್ಕು ತೂತುಗಳಲ್ಲಿ ಯಾವ ಸದ್ದು ತಾನೇ ಅಡಗಿಕೊಂಡೀತು ಎಂದು ಅವನು ಲೆಕ್ಕ ಹಾಕಿದ್ದ. ಅಮ್ಮ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವವಳಲ್ಲ.

ಅಷ್ಟಕ್ಕೂ ಕೇಡಿಗೆ ಬಾಗಿಲು ತೆಗೆದವನು ಅವನೇ. ಅವನ ಕೆಲಸ ಕಿವಿ ಪರೀಕ್ಷೆ ಮಾಡುವುದು. ಗಾಜಿನ ಗೂಡಿನೊಳಗೆ ಜನರನ್ನು ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಸದ್ದು ಬಂದರೆ ಬೆರಳೆತ್ತಿ ಎಂದು ಹೇಳಿ, ಆಚೆ ಕೂತು ಗುಂಡಿ ತಿರುಗಿಸುತ್ತ ಬೆರಳು ನೋಡುವುದು. ಬೀದಿಯವರು ಅವನನ್ನು ಕಿವಿ ಡಾಕ್ಟ್ರು ಎನ್ನುತ್ತಾರೆ. ಡಾಕ್ಟರ್ ಬೇರೆಯೇ ಇದ್ದಾರೆ, ಅವರು ಇವನನ್ನು ಹೆಸರು ಹಿಡಿದೂ ಕರೆಯುವುದಿಲ್ಲ, ಗಾಜು ತಟ್ಟುತ್ತಾರೆ. ಎಷ್ಟೋ ವರ್ಷ ಬೆರಳು ನೋಡಿ ನೋಡಿ ಅವನಿಗೆ ಮನುಷ್ಯರ ಒಂದು ಗುಟ್ಟು ತಿಳಿದುಹೋಗಿತ್ತು: ಸದ್ದೇ ಇಲ್ಲದಾಗಲೂ ಬೆರಳೆತ್ತುವವರು ಬಹಳ ಜನ. ಕೆಲವರು ಹೆದರಿ, ಕೆಲವರು ಮರ್ಯಾದೆಗೆ, ಕೆಲವರು ಪಾಪ, ಎದುರಿಗೆ ಕೂತವನಿಗೆ ಬೇಜಾರಾಗದಿರಲಿ ಎಂದು. ಪರದೆಗೆ ಬೆಂಕಿ ತಗುಲಿದ ಮೇಲೆ ಅಮ್ಮನನ್ನೂ ಅಲ್ಲಿಗೆ ಕರೆದೊಯ್ದು ಗೂಡಿನಲ್ಲಿ ಕೂರಿಸಿದ್ದ. ಅವಳ ಬೆರಳು ಒಮ್ಮೆಯೂ ತಪ್ಪಲಿಲ್ಲ. ಗಾಳಿಯಷ್ಟು ಸಣ್ಣ ಸದ್ದಿಗೂ ಎದ್ದಿತು, ಸದ್ದು ನಿಂತರೆ ಇಳಿಯಿತು, ಖಾಲಿ ಬಿಟ್ಟಾಗ ತೊಡೆಯ ಮೇಲೆ ತಣ್ಣಗೆ ಮಲಗಿತ್ತು. ಅವಳ ವಯಸ್ಸಿನಲ್ಲಿ ಅಂಥ ಕಿವಿಯನ್ನು ಅವನು ಕಂಡಿರಲಿಲ್ಲ. ಹೆಮ್ಮೆಯಿಂದಲೇ ಅಕ್ಕನಿಗೆ ಫೋನು ಮಾಡಿ ಹೇಳಿದ: ಕಿವಿ ಬಂಗಾರದ ಹಾಗಿದೆ. ಆ ಕಡೆಯಿಂದ ಅಕ್ಕ, "ಹಾಗಾದ್ರೆ ತಲೆ" ಎಂದಳು. ಕಿವಿಯೊಳಗೆ ಗುಂಯ್‌ಗುಡುವ ಕಾಯಿಲೆಯೊಂದಿದೆ, ಮುದುಕರಿಗೆ ಬರುತ್ತದೆ, ಅದಕ್ಕೇ ಹೀಗೆ ಎಂದು ಒಂದು ಮಾತು ಅಂದಿದ್ದರೆ ಯಾರೂ ಅಮ್ಮನ ತಲೆಯ ತನಕ ಹೋಗುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದದ್ದು ಫೋನಿಟ್ಟ ಮೇಲೆ. ಬುದ್ಧಿ ಯಾವತ್ತೂ ಅವನ ಮನೆಗೆ ಬರುವುದು ನೆಂಟರೆಲ್ಲ ಎದ್ದು ಹೋದಮೇಲೆ.

ಅಪ್ಪನೂ ಹಾಗೆಯೇ ಅನ್ನುತ್ತಿದ್ದ. ಅಪ್ಪ ಇಂಜಿನ್ನಿನ ಮೈಮೇಲೆ ಒಂದು ಉದ್ದನೆಯ ಕಬ್ಬಿಣದ ಸಲಾಕೆಯ ತುದಿಯಿಟ್ಟು, ಇನ್ನೊಂದು ತುದಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದ. ಒಳಗೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಕೂರುತ್ತಿಲ್ಲ ಎಂಬುದೆಲ್ಲ ಸಲಾಕೆಯಲ್ಲಿ ಹರಿದು ಬರುತ್ತದೆ. ಒಂದು ದಿನ ನಾಲ್ಕು ಜನ ಡ್ರೈವರುಗಳ ಎದುರು ಸಲಾಕೆಯನ್ನು ಅವನ ಕೈಗೆ ಕೊಟ್ಟು, ಏನು ಕೇಳಿಸ್ತು ಹೇಳು ಎಂದ. ಕೇಳಿಸಿದ್ದು ಬರೀ ಗದ್ದಲ. ಏನೂ ಇಲ್ಲಪ್ಪ ಎಂದ ಅವನು. "ಇವನ ಕಿವಿ ಇರೋದು ಕನ್ನಡಕ ಸಿಕ್ಕಿಸಿಕೊಳ್ಳೋಕೆ" ಎಂದು ಅಪ್ಪ ನಕ್ಕ. ಡ್ರೈವರುಗಳು ಕೆಮ್ಮುವ ತನಕ ನಕ್ಕರು. ಅಡುಗೆಮನೆಯಿಂದ ಅಮ್ಮ ಮಾತ್ರ, "ನಿಮ್ಮ ಮೂರನೇದು ಎಡವುತ್ತಾ ಇದೆ, ಅದನ್ನ ನೋಡಿ ಮೊದಲು" ಎಂದಿದ್ದಳು. ಅವಳಿಗೆ ಸಲಾಕೆ ಬೇಕಿರಲಿಲ್ಲ. ಕಸ ಗುಡಿಸುತ್ತ, ಪಾತ್ರೆ ಉಜ್ಜುತ್ತ ಪದ್ಯ ಹೇಳಿಕೊಳ್ಳುವ ಹೆಂಗಸು. ಯಾರಾದರೂ ಹೇಳುವಾಗ ಒಂದು ಮಾತ್ರೆ ತಪ್ಪಿದರೆ ಕಾಲಿಗೆ ಕಲ್ಲು ತಗುಲಿದವಳ ಹಾಗೆ ನಿಲ್ಲುತ್ತಿದ್ದಳು. ಗೊತ್ತಿಲ್ಲದ ಸಾಲಿಗೆ ತನ್ನದೊಂದು ಮಾತು ಸೇರಿಸಿ ಹಾಡಿದ್ದನ್ನು ಅವನು ಕೇಳಿಲ್ಲ. ಮರೆತರೆ ಅಲ್ಲಿಗೇ ನಿಲ್ಲಿಸಿ ಬಾಯಿ ಮುಚ್ಚಿಕೊಂಡುಬಿಡುವಳು. ಇಂಜಿನ್ನಿನ ಸದ್ದೂ ಅವಳಿಗೆ ನಾಲ್ಕು ಕಾಲಿನ ಪದ್ಯವೇ. ಎರಡು ಕಾಲು ಸರಿ, ಮೂರನೆಯದು ಎಡವಿ, ನಾಲ್ಕನೆಯದು ಓಡಿ ಬಂದು ಹಿಡಿಯುತ್ತದೆ ಎನ್ನುತ್ತಿದ್ದಳು. ಅಪ್ಪ ಹೂಂ ಎಂದನೇ ಹೊರತು ಬಿಚ್ಚಿ ನೋಡಲಿಲ್ಲ. ವ್ಯಾನಿನಿಂದ ಇಳಿಸಿದ ಮೇಲೂ ನಾಳೆ ಬಿಚ್ಚುತ್ತೇನೆ, ಮಳೆ ನಿಂತ ಮೇಲೆ ಬಿಚ್ಚುತ್ತೇನೆ ಎನ್ನುತ್ತಲೇ ಒಂದು ಮಧ್ಯಾಹ್ನ ಊಟ ಮಾಡಿ, ಇಂಜಿನ್ನಿನ ಪಕ್ಕದ ಕಬ್ಬಿಣದ ಮಂಚದ ಮೇಲೆ ಮಲಗಿದವನು ಏಳಲಿಲ್ಲ.

ಆ ಮಂಚವನ್ನೇ ಅವನು ಕೊಯ್ದದ್ದು. ಬೇರೆ ಕಬ್ಬಿಣ ಸಿಗುತ್ತಿರಲಿಲ್ಲವೆಂದಲ್ಲ. ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ಆದರೆ ವೆಲ್ಡಿಂಗಿನ ಕಿಡಿಯಣ್ಣ ಶೆಡ್ಡಿಗೆ ಬಂದವನೇ ಮಂಚವನ್ನು ಒದ್ದು ನೋಡಿ, "ನಿಮ್ಮಪ್ಪ ಮಂಚ ಮಾಡಿದ್ನೋ ಸೇತುವೆ ಮಾಡಿದ್ನೋ? ಇದರ ಮೇಲೆ ಆನೆ ಮಲಗಬಹುದು" ಎಂದ. ಅಪ್ಪ ತಾನೇ ಬೆಸೆದುಕೊಂಡ ಮಂಚ ಅದು. ತೋಳಿನ ದಪ್ಪದ ಪೈಪು, ಅಂಗೈ ಅಗಲದ ಆಂಗಲ್ ಪಟ್ಟಿ. ಅಮ್ಮನನ್ನು ಕೇಳಬೇಕೆನ್ನಿಸಿತು, ಕೇಳಿದರೆ ಬೇಡವೆಂದಾಳು ಎನ್ನಿಸಿ ಕೇಳಲಿಲ್ಲ. ಅವಳು ಪೇಟೆಯ ಅಂಗಡಿಗಳಿಗೆ ಹೋಗಿ ಸಂಜೆಗೆ ಬರುವ ದಿನ ನೋಡಿ ಗ್ರೈಂಡರ್ ಇಟ್ಟ. ಮಂಚದ ಉದ್ದ ಪಕ್ಕಗಳು ಸ್ಟ್ಯಾಂಡಿನ ಅಡಿಗಾಲುಗಳಾದವು. ತಲೆದಿಂಬಿನ ಕಡೆಯ ಜೋಡಿ ಕಾಲುಗಳು ನಿಲುವುಗಂಬವಾದವು. ಕಂಬದ ನೆತ್ತಿಗೆ ಒಂದು ದಪ್ಪ ಕೊಳವೆ, ಅದರೊಳಗೆ ತಿರುಗುವಂತೆ ಇನ್ನೊಂದು ಕೊಳವೆ, ಅದರ ತುದಿಗೆ ದಪ್ಪ ತಗಡು, ತಗಡಿಗೆ ನಾಲ್ಕು ಕೈ, ಹಿಂದಿನ ತುದಿಗೆ ತಿರುಗಿಸುವ ಹಿಡಿಕೆ. ಕಂಬವನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿಯೇ ಬೆಸೆಯಬೇಕೆಂದು ಕಿಡಿಯಣ್ಣ ಹಟ ಹಿಡಿದ. "ಭಾರ ಬಿದ್ದಾಗ ನೆಟ್ಟಗಾಗುತ್ತೆ. ಮೊದಲೇ ನೆಟ್ಟಗೆ ನಿಂತೋರೇ ಆಮೇಲೆ ಮುಗ್ಗರಿಸೋದು, ತಿಳ್ಕೋ." ಇಂಜಿನ್ನಿನ ಬೆನ್ನಿನ ಬೋಲ್ಟು ತೂತುಗಳ ಗುರುತನ್ನು ಅವನು ರಟ್ಟಿನ ಮೇಲೆ ಒತ್ತಿ ತೆಗೆದದ್ದು ಸರಿಯಾಗಿಯೇ ಇತ್ತು, ಆದರೆ ರಟ್ಟನ್ನು ತಗಡಿನ ಮೇಲಿಡುವಾಗ ಎಣ್ಣೆ ಹತ್ತಿದ ಮುಖವನ್ನು ಕೆಳಗೆ ಮಾಡಿ ಇಟ್ಟ. ಕೈಗಳೆಲ್ಲ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತವು. ಕಿಡಿಯಣ್ಣ ಕಣ್ಣಿನ ಕಪ್ಪು ಗಾಜು ಹಣೆಗೇರಿಸಿ ಹೊಟ್ಟೆ ಹಿಡಿದು ನಕ್ಕ: "ಏನು ಕಿವಿ ಡಾಕ್ಟ್ರೇ, ಕನ್ನಡಿಯೊಳಗಿನ ಇಂಜಿನ್ನಿಗೆ ಸ್ಟ್ಯಾಂಡ್ ಮಾಡಿದೀರಲ್ಲ! ಅಲ್ಲೂ ಒಂದು ನಡೀತಾ ಇದ್ಯಾ?" ಅವನೂ ನಕ್ಕ. ನಗುವಾಗ ಬೆನ್ನಲ್ಲಿ ನೀರಿನ ಹನಿ ಜಾರಿದ ಹಾಗಾಯಿತು. ನಾಲ್ಕು ಕೈಗಳನ್ನೂ ಕೊಯ್ದು ಮತ್ತೆ ಬೆಸೆದರು. ತಗಡಿನ ಮೇಲೆ ಮೊದಲ ಸಲದ ಗಾಯಗಳು ಉಳಿದುಕೊಂಡವು.

ಬೆಸುಗೆಯೆಲ್ಲ ಮುಗಿದು, ಸ್ಟ್ಯಾಂಡು ಮೊದಲ ಸಲ ತನ್ನ ಕಾಲ ಮೇಲೆ ತಾನು ನಿಂತಾಗ ಅವನಿಗೆ ಕಂಡದ್ದು ಸ್ಟ್ಯಾಂಡಲ್ಲ, ಎದ್ದು ನಿಂತ ಮಂಚ. ಅಷ್ಟು ವರ್ಷ ಮಲಗಿಯೇ ಇದ್ದದ್ದು ಎದ್ದು, ಕೈ ಚಾಚಿ, ಸ್ವಲ್ಪ ಹಿಂದಕ್ಕೆ ವಾಲಿ, ಯಾರೋ ಏನೋ ಅಂದದ್ದನ್ನು ಕೇಳಿಸಿಕೊಳ್ಳುವ ಹಾಗಿತ್ತು. ಅಂಗಡಿಯಿಂದ ಬಂದ ಅಮ್ಮ ಶೆಡ್ಡಿನ ಬಾಗಿಲಲ್ಲಿ ಚೀಲ ಹಿಡಿದು ನಿಂತಳು. ಬೈಯಲಿಲ್ಲ, ಅಳಲಿಲ್ಲ. ಮಂಚವಿದ್ದ ಜಾಗದಲ್ಲಿ ನೆಲದ ಮೇಲೆ ಉಳಿದಿದ್ದ ಬಿಳಿಚಿದ ನಾಲ್ಕು ಗುರುತುಗಳನ್ನು ನೋಡಿದಳು.

"ಇನ್ನು ಅವರು ಎಲ್ಲಿ ಮಲಗ್ತಾರೆ?" ಎಂದಳು.

ಕಿಡಿಯಣ್ಣ ಸಾಮಾನು ಕಟ್ಟಿಕೊಂಡು, ಕೊಟ್ಟ ಚಹಾ ಕುಡಿಯದೆ ಹೊರಟುಹೋದ.

ಅಮ್ಮನಿಗೆ ಅದು ಪ್ರಶ್ನೆಯೂ ಅಲ್ಲ, ಆರೋಪವೂ ಅಲ್ಲ, ಮನೆವಾರ್ತೆಯ ಮಾತು. ನೆಂಟರು ಬಂದರೆ ಹಾಸಿಗೆ ಸಾಲುವುದಿಲ್ಲ ಎನ್ನುವ ಹಾಗೆ. ಅಲ್ಲಿಯ ತನಕ ಅವಳಿಗೆ ಕೇಳಿಸುವ ಸದ್ದಿಗೂ ಒಂದು ಕ್ರಮವಿತ್ತು. ಊಟದ ಹೊತ್ತಿಗೆ ಶುರುವಾಗಿ, ಸ್ವಲ್ಪ ಹೊತ್ತು ನಡೆದು, ನಿಲ್ಲುತ್ತಿತ್ತು. "ಮಲಗಿದ್ರು ಅನ್ನಿಸುತ್ತೆ" ಎಂದು ಅಮ್ಮ ಹೇಳಿ ತಾನೂ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಮಂಚ ಕೊಯ್ದ ಮೇಲೆ ಅದು ನಿಲ್ಲುವುದನ್ನು ಬಿಟ್ಟಿತು. ಮಧ್ಯಾಹ್ನ ಶುರುವಾದದ್ದು ದೀಪ ಹಚ್ಚುವ ತನಕ ನಡೆಯುತ್ತದೆಂದು ಅಮ್ಮ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅವಳ ಕಣ್ಣಿನ ಕೆಳಗೆ ಕಪ್ಪು ಇಳಿಯಿತು. "ಪಾಪ, ಎಷ್ಟು ಅಂತ ನಿಲ್ಲಿಸದೆ ದುಡೀತಾರೆ. ಸುಸ್ತಾಗಿದೆ ಕಣೋ ಅವರಿಗೆ, ಸದ್ದಲ್ಲೇ ಗೊತ್ತಾಗುತ್ತೆ." ಅವನು ಹೊಸ ಮಂಚ ತಂದು ಹಾಕಲೇ ಎಂದು ಕೇಳಿದ. ಕೇಳಿದ ಮೇಲೆ ತಾನು ಏನು ಕೇಳಿದೆನೆಂದು ಹೊಳೆದು, ಕೈಯಲ್ಲಿದ್ದ ಬಟ್ಟೆಯಿಂದ ಸುಮ್ಮನೆ ಕೈ ಒರೆಸಿಕೊಂಡ.

ಯಾಕೆಂದರೆ ಅಷ್ಟರಲ್ಲಿ ಅವನಿಗೂ ಕೇಳಿಸಿತ್ತು. ಸ್ಟ್ಯಾಂಡಿನ ನೆತ್ತಿಯ ಕೊಳವೆಯೊಳಗೆ ಗ್ರೀಸು ಸವರುತ್ತ, ಕತ್ತಲ ತೂತಿನಲ್ಲಿ ಬೆರಳು ಎಟುಕದೆ, ಗದ್ದವನ್ನು ಕಂಬಕ್ಕೆ ಊರಿ ಬಾಗಿದ್ದ. ಹಲ್ಲು ಹಲ್ಲಿಗೆ ತಾಗಿತ್ತು. ಗದ್ದದ ಎಲುಬಿನಿಂದ ಏರಿ, ದವಡೆಯ ಬುಡದಲ್ಲಿ ಹಾದು, ಕಿವಿಗೆ ಹೊರಗಿನಿಂದಲ್ಲ, ಒಳಗಿನಿಂದ ಬಂತು: ಒಂದು, ಎರಡು, ತಡವರಿಸಿ ಮೂರು, ಓಡಿ ಬಂದು ನಾಲ್ಕು. ಗಕ್ಕನೆ ತಲೆಯೆತ್ತಿದ. ಇಲ್ಲ. ಹಿತ್ತಲಲ್ಲಿ ಒಣಗಿದ ಎಲೆ ಉರುಳುವ ಸದ್ದು, ಅಷ್ಟೆ. ಮತ್ತೆ ಗದ್ದ ಊರಿದ, ಇತ್ತು. ನಾಡಿಯಿರಬೇಕೆಂದುಕೊಂಡು ಮಣಿಕಟ್ಟು ಹಿಡಿದು ನೋಡಿದ. ನಾಡಿ ಬೇರೆಯೇ ಓಟದಲ್ಲಿ ಹೊಡೆಯುತ್ತಿತ್ತು. ಮಾರನೆಯ ದಿನ ಊಟದ ಬಿಡುವಿನಲ್ಲಿ ಗಾಜಿನ ಗೂಡು ಹೊಕ್ಕು, ಬಾಗಿಲೆಳೆದುಕೊಂಡು, ತನ್ನ ಕಿವಿಗೆ ತಾನೇ ಮುಚ್ಚಳ ಹಾಕಿ ಕೂತ. ಅಲ್ಲಿ ಏನೂ ಇರಲಿಲ್ಲ. ಹತ್ತಿಯ ಹಾಗೆ ಒತ್ತುವ ಮೌನ. ಡಾಕ್ಟರು ಗಾಜು ತಟ್ಟಿ, "ಏನ್ರೀ, ನಿಮ್ಮದೂ ಹೋಯ್ತಾ?" ಎಂದರು. ಅವನು ಹಲ್ಲು ಕಿರಿದು ಎದ್ದುಬಂದ. ಮನೆಗೆ ಬಂದು ಶೆಡ್ಡಿನ ಬಾಗಿಲು ತೆರೆದರೆ, ಈಗ ಗದ್ದ ಊರುವುದೂ ಬೇಕಾಗಲಿಲ್ಲ. ಹೊಸಿಲ ಮೇಲೆ ಕಾಲಿಟ್ಟರೆ ಅಂಗಾಲಿಗೇ ಬಂತು.

ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳ ಮುಖ ಹೇಗೆ ಅರಳುತ್ತಿತ್ತೆಂದು ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಅಮ್ಮನಿಗೆ ಕೇಳಿಸುವುದು ಬೇರೆ, ಕಿವಿ ಪರೀಕ್ಷೆಯವನಿಗೆ ಕೇಳಿಸುವುದು ಬೇರೆ. ಆರೈಕೆ ಮನೆಯಲ್ಲಿ ಪಕ್ಕದ ಕೋಣೆಯೂ ಖಾಲಿಯಿದೆಯೇ ಎಂದು ಅಕ್ಕ ವಿಚಾರಿಸಿಯಾಳು. ಹಾಗೆಂದು ಅವನೇ ತನಗೆ ತಮಾಷೆಯಾಗಿ ಹೇಳಿಕೊಂಡ. ತಮಾಷೆಯ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಮಾತಿಗೆ ತರಲು ಹೆದರಿಕೆಯಾಗುತ್ತಿತ್ತು: ಅಮ್ಮ ಹೊರಟುಹೋದರೆ ಈ ಮನೆಯಲ್ಲಿ ಅದನ್ನು ಕೇಳಿಸಿಕೊಳ್ಳಲು ಉಳಿಯುವವನು ಅವನೊಬ್ಬನೇ.

ಈಗ ತಟ್ಟೆ ತೊಳೆಯುವ ಸದ್ದು ನಿಂತಿತ್ತು. ಅವನು ಹಿಡಿಕೆ ಹಿಡಿದು ಇಂಜಿನ್ನನ್ನು ಪಕ್ಕಕ್ಕೆ ತಿರುಗಿಸಿದ. ಅಷ್ಟು ಭಾರ, ಒಂದೇ ಕೈಗೆ ಬೆಣ್ಣೆಯ ಹಾಗೆ ತಿರುಗಿತು; ಅಪ್ಪ ಇದನ್ನು ನೋಡಿದ್ದರೆ ಎಂದುಕೊಂಡು, ಹಾಗೆಂದುಕೊಳ್ಳಬಾರದಿತ್ತು ಎಂದು ಹಿಂದೆ ತಿರುಗಿ ನೋಡಿದ. ವಾರವಿಡೀ ಸೀಮೆಎಣ್ಣೆ ಸುರಿದು ನೆನೆಸಿದ್ದರಿಂದ ಪಿಸ್ಟನ್ನುಗಳು ಬಿಟ್ಟುಕೊಟ್ಟಿದ್ದವು. ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ, ಕ್ರ್ಯಾಂಕಿಗೆ, ಕಚ್ಚಿದ ಮುಚ್ಚಳಗಳನ್ನು ಕಳಚಿ, ಕೆಳಗಿನಿಂದ ಮರದ ತುಂಡು ಕೊಟ್ಟು ನೂಕಿದಂತೆ ಪಿಸ್ಟನ್ನುಗಳು ಒಂದೊಂದಾಗಿ, ಉದ್ದನೆಯ ರಾಡುಗಳನ್ನು ಕಾಲಿನ ಹಾಗೆ ಎಳೆದುಕೊಂಡು ಹೊರಬಂದವು. ಬಂದ ಸರದಿಯಲ್ಲೇ ಗೋಣಿಯ ಮೇಲೆ ಇಟ್ಟ. ಕೊನೆಗೆ ಕ್ರ್ಯಾಂಕನ್ನೂ ಎತ್ತಿ, ಮಗುವನ್ನು ಎತ್ತುವ ಹಾಗೆ ಎರಡು ಕೈಯಲ್ಲಿ ತಂದು ಮಲಗಿಸಿದ. ಬ್ಲಾಕು ಬರಿದಾಯಿತು. ನಾಲ್ಕು ತೂತುಗಳಲ್ಲಿ ಹಿತ್ತಲಿನ ಬಿಸಿಲು ಕಂಡಿತು. ಉಸಿರು ಹಿಡಿದು ಕೇಳಿದ.

ನಡೆಯುತ್ತಲೇ ಇತ್ತು. ಎಡವುತ್ತಲೇ ಇತ್ತು.

ಆಗ ಅವನಿಗೆ ಒಂದು ಆಸೆ ಹುಟ್ಟಿತು. ಅಮ್ಮ ಹೇಳುವ ಎಡವು ಸುಳ್ಳೆಂದು ಗೊತ್ತಾದರೆ ಸಾಕು; ಅದನ್ನು ಅವಳ ಬಾಯಿಂದ ಕೇಳಿ ಕೇಳಿಯೇ ತನ್ನ ತಲೆಗೆ ಹತ್ತಿದೆ, ಶೀತ ಹತ್ತುವ ಹಾಗೆ, ಎಂದು ಸಾಬೀತಾಗುತ್ತದೆ. ಹಳೆಯ ಬೀರುವಿನ ಗಾಜಿನ ಹಲಗೆಯೊಂದಿತ್ತು; ರಾಡು ಬಾಗಿದ್ದರೆ ಅಂಥ ಸಮತಟ್ಟಿನ ಮೇಲೆ ಅಲುಗುತ್ತದೆ. ಅದನ್ನು ಒರೆಸಿ, ನೆಲದ ಮೇಲೆ ಹಾಸಿ, ರಾಡುಗಳನ್ನು ಪಿಸ್ಟನ್ನುಗಳಿಂದ ಬಿಡಿಸಿ, ಮೂರನೆಯದನ್ನು ಅದರ ಮೇಲೆ ಇಟ್ಟ. ಒಂದು ಕೂದಲಿಗೂ ಎಡೆಯಿಲ್ಲದೆ ಕೂತಿತು. ಬೆರಳಿನಿಂದ ಒತ್ತಿದ, ಆ ಕಡೆ, ಈ ಕಡೆ, ಅಲುಗಲಿಲ್ಲ. ಮೂರನೆಯದಕ್ಕೆ ಏನೂ ಆಗಿಲ್ಲ! ಅಮ್ಮ ತಪ್ಪು. ಅಷ್ಟು ವರ್ಷ ಅಪ್ಪನ ಕಿವಿಗೆ ಊದಿದ್ದು ಬರೀ ತಪ್ಪು. ಎದೆಯೊಳಗಿಂದ ಏನೋ ಇಳಿದು ಹೋಗಿ, ಅವನಿಗೆ ಶೆಡ್ಡಿನ ಮಧ್ಯೆ ನಿಂತು ನಗು ಬಂತು. ಅಮ್ಮನಿಗೆ ತಲೆ ಸರಿಯಿಲ್ಲವೆಂದು ಇಷ್ಟು ಸಂತೋಷದಿಂದ ನಗುವ ಮಗ ಇನ್ನೆಲ್ಲಿದ್ದಾನು ಎಂಬುದು ಆಮೇಲೆ ಹೊಳೆಯಿತು. ನಗುತ್ತಲೇ ಒಂದನೆಯದನ್ನು ಇಟ್ಟ, ಸರಿ. ಎರಡನೆಯದು, ಸರಿ. ನಾಲ್ಕನೆಯದನ್ನು ಇಟ್ಟಾಗ ಅದು ಗಾಜಿನ ಮೇಲೆ ಟಕ್ ಎಂದಿತು. ಒತ್ತಿದರೆ ಆ ಕಡೆ ಟಕ್, ಬಿಟ್ಟರೆ ಈ ಕಡೆ ಟಕ್. ಬಾಗಿತ್ತು. ಕಣ್ಣಿಗೆ ಕಾಣದಷ್ಟು, ಗಾಜಿಗೆ ಮಾತ್ರ ತಿಳಿಯುವಷ್ಟು. ಇರಲಿ, ನಾಲ್ಕನೆಯದಲ್ಲವೇ, ಅಮ್ಮ ಹೇಳಿದ್ದು ಮೂರು ಎಂದುಕೊಂಡು ಎದ್ದವನು ಎದ್ದ ಅರ್ಧದಲ್ಲಿ ನಿಂತ.

ಸಿಲಿಂಡರುಗಳು ನಿಂತಿರುವುದು ಒಂದು ಎರಡು ಮೂರು ನಾಲ್ಕು, ಸಿಡಿಯುವುದು ಹಾಗಲ್ಲ. ಅಪ್ಪ ಅವನನ್ನು ಭುಜದ ಮೇಲೆ ಕೂರಿಸಿಕೊಂಡು ಹಿತ್ತಲಲ್ಲಿ ಕುಣಿಸುತ್ತ ಹೇಳಿಕೊಟ್ಟದ್ದು: ಒಂದು, ಮೂರು, ನಾಲ್ಕು, ಎರಡು. ಒಂದು, ಮೂರು, ನಾಲ್ಕು, ಎರಡು. ಮೂರನೆಯ ಹೊಡೆತ ನಾಲ್ಕನೆಯ ಸಿಲಿಂಡರಿನದು. ಇಂಜಿನ್ನಿನ ಹೊಟ್ಟೆಯೊಳಗೆ ಏನು ಎಲ್ಲಿದೆಯೆಂದು ಅಮ್ಮನಿಗೆ ಗೊತ್ತಿಲ್ಲ. ಕೇಳಿಸಿದ್ದನ್ನು ಕೇಳಿಸಿದ ಸರದಿಯಲ್ಲಿ ಹೇಳಿದ್ದಳು. ಅವನು ಗಾಜಿನ ಮೇಲಿನ ರಾಡನ್ನು ನೋಡಿದ. ಯಾರೂ ಮುಟ್ಟದಿದ್ದರೂ ಅದು ಇನ್ನೂ ಸಣ್ಣಗೆ ಅಲುಗುತ್ತಿತ್ತು, ಟಕ್, ಟಕ್, ಸರಿಯಾಗಿ ಆ ಎಡವಿನ ಜಾಗಕ್ಕೆ. ಕಾಲಿನ ಬೆರಳಿನಿಂದ ಅದನ್ನು ಗಾಜಿನಿಂದಾಚೆ ನೂಕಿದ. ಅಪ್ಪನ ವಸ್ತುವನ್ನು ಕಾಲಿನಲ್ಲಿ ಮುಟ್ಟಿದೆನೆಂದು ಕೂಡಲೆ ಬಾಗಿ ಕೈಯಿಂದ ಮುಟ್ಟಿದ. ಕಬ್ಬಿಣ ಬಿಸಿಯಾಗಿತ್ತು. ಬಿಸಿಲಿಗಿರಬೇಕು ಎಂದುಕೊಂಡ. ಬಿಸಿಲು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ಕಾರಿನ ಬಾಗಿಲು ಮುಚ್ಚಿದ ಸದ್ದಿಗೆ ಬೆಚ್ಚಿದ. ಅಕ್ಕ ಮನೆಯೊಳಗಿಂದ ಹಾದು, ಅಮ್ಮನ ಕೈ ಹಿಡಿದುಕೊಂಡೇ ಹಿತ್ತಲಿಗೆ ಬಂದಳು. ಅಮ್ಮ ತಲೆ ಬಾಚಿಕೊಂಡು, ಹೊರಗೆ ಹೋಗುವ ಬಟ್ಟೆ ಉಟ್ಟಿದ್ದಳು. ಯಾವಾಗ ಉಟ್ಟಳೋ ಅವನಿಗೆ ತಿಳಿದಿರಲಿಲ್ಲ.

"ಅಬ್ಬಾ, ಏನೋ ಇದು, ಇಷ್ಟು ಚೆಂದ ಮಾಡಿದೀಯ!" ಅಕ್ಕ ಹಿಡಿಕೆ ತಳ್ಳಿದಳು, ಬ್ಲಾಕು ಸದ್ದಿಲ್ಲದೆ ಮಗ್ಗುಲಾಯಿತು. "ಮದುವೆ ಆಗು ಅಂದ್ರೆ ಆಗ್ಲಿಲ್ಲ, ಇಂಜಿನ್ನಿಗೆ ತೊಟ್ಟಿಲು ಕಟ್ಟಿದಾನೆ ನೋಡಮ್ಮ ನಿನ್ನ ಮಗ." ನಗುತ್ತಿದ್ದವಳು ಕಂಬದ ಮೇಲೆ ಉಳಿದಿದ್ದ ಹಸಿರು ಬಣ್ಣವನ್ನು ನೋಡಿ ಗುರುತು ಹಿಡಿದಳು. "ಲೋ, ಇದು ಅಪ್ಪನ ಮಂಚ ಅಲ್ವೇನೋ?"

"ಹೂಂ."

"ನಿನಗೆ ಬೇರೆ ಕಬ್ಬಿಣ ಸಿಗ್ಲಿಲ್ವಾ?"

ಅವನು ಅಮ್ಮನ ಮೊಣಕೈ ಹಿಡಿದು ಬ್ಲಾಕಿನ ಮುಂದೆ ನಿಲ್ಲಿಸಿದ. ಎಷ್ಟೋ ದಿನದಿಂದ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ ಮಾತುಗಳು ಬೇರೆ ಯಾರದೋ ದನಿಯಲ್ಲಿ ಹೊರಬಂದವು. "ನೋಡಮ್ಮ. ಇದು ಪಿಸ್ಟನ್ನು, ಇದು ಕ್ರ್ಯಾಂಕು, ಎಲ್ಲ ಇಲ್ಲಿ ಕೆಳಗಿದೆ. ಒಳಗೆ ಏನಿದೆ ನೋಡು." ಹಿಡಿಕೆ ತಿರುಗಿಸಿದ. ಅಮ್ಮ ಬಾಗಿ ತೂತುಗಳಲ್ಲಿ ಇಣುಕಿದಳು, ಪಕ್ಕದ ಮನೆಯೊಳಗೆ ಇಣುಕುವ ಹಾಗೆ, ಸಂಕೋಚದಿಂದ.

"ಏನಿದೆಯಮ್ಮಾ?" ಅಕ್ಕ ಕೇಳಿದಳು.

"ಏನೂ ಇಲ್ಲ."

"ಖಾಲಿ ಅಲ್ವಾ?"

"ಖಾಲಿ."

"ಮತ್ತೆ?"

"ಮತ್ತೇನು? ಖಾಲಿ ಕೊಡಕ್ಕೇ ಸದ್ದು ಜಾಸ್ತಿ ಅಲ್ವೇನೇ" ಎಂದಳು ಅಮ್ಮ. ಅಕ್ಕನಿಗೆ ನಗು ತಡೆಯಲಿಲ್ಲ; ನಗುವಾಗಲೇ ಕಣ್ಣಲ್ಲಿ ನೀರು ಬಂತು. ಕಲೆಯಿದ್ದ ಅಂಗೈಯಿಂದ ಒರೆಸಿಕೊಂಡು ತಮ್ಮನ ಕಡೆ ತಿರುಗಿದಳು.

"ನೀನು ಹೇಳೋ. ದಿನಾ ಇಲ್ಲೇ ಇರ್ತೀಯಲ್ಲ. ನಿನಗೇನಾದ್ರೂ ಕೇಳಿಸುತ್ತಾ?"

ಅಮ್ಮ ಅವನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಪದ್ಯದ ಮುಂದಿನ ಸಾಲು ಮಗುವಿನ ಬಾಯಲ್ಲಿ ಬರುತ್ತದೋ ಎಂದು ಕಾಯುವ ತಾಳ್ಮೆ ಇತ್ತು. ಸ್ಟ್ಯಾಂಡಿನ ಮೇಲಿಟ್ಟ ಅವನ ಅಂಗೈಯೊಳಗೆ, ಮೊಣಕೈ ತನಕ, ಭುಜದ ತನಕ ಅದು ಬಡಿಯುತ್ತಿತ್ತು. ಹೂಂ ಎಂದರೆ ಅಮ್ಮ ಒಬ್ಬಳಲ್ಲ ಎಂದಾಗುತ್ತದೆ. ಹೂಂ ಎಂದರೆ ಸಾಕು.

"ಇಲ್ಲಕ್ಕ" ಎಂದ. "ನನಗೇನೂ ಕೇಳಿಸಲ್ಲ."

ಅಮ್ಮ ಅವನಿಂದ ಕಣ್ಣು ತೆಗೆದು ಗೋಣಿಯ ಕಡೆ ನೋಡಿದಳು. ಬೇಜಾರಾದ ಹಾಗೆ ಕಾಣಲಿಲ್ಲ. ಮರೆತುಹೋಯಿತೇನೋ, ಇರಲಿ, ಎನ್ನುವ ಹಾಗಿತ್ತು. ಅಕ್ಕ ಉಸಿರು ಬಿಟ್ಟು, "ಚೀಲ ಕಾರಿಗೆ ಇಟ್ಟು ಬರ್ತೀನಿ. ಮಾತಾಡಿ ನೀವಿಬ್ರೂ" ಎಂದು ಒಳಗೆ ಹೋದಳು. ಅವಳ ಹೆಜ್ಜೆ ನಡುಮನೆ ದಾಟುವ ತನಕ ಅವನು ಕಾದ.

"ಅಮ್ಮಾ, ಕೇಳು. ಅವಳು ಬಂದು ಇನ್ನೊಂದು ಸಲ ಕೇಳ್ತಾಳೆ. ಈಗ ಇಲ್ಲ ಅನ್ನು. ಇಂಜಿನ್ ಬಿಚ್ಚಿದ ಮೇಲೆ ನಿಂತೋಯ್ತು ಅನ್ನು. ಅಷ್ಟೇ. ಅವಳು ಹೊರಟುಹೋಗ್ತಾಳೆ."

"ನಿಂತಿಲ್ವಲ್ಲೋ."

"ನಿಂತಿಲ್ಲ, ಗೊತ್ತು." ಮಾತು ಜಾರಿದ್ದು ಅವನಿಗೇ ತಡವಾಗಿ ತಿಳಿಯಿತು. ಅಮ್ಮ ಆಶ್ಚರ್ಯಪಡಲಿಲ್ಲ. ಅವನ ಶರಟಿನ ತೋಳಿಗೆ ಹತ್ತಿದ್ದ ಗ್ರೀಸನ್ನು ಉಗುರಿನಿಂದ ಕೆರೆಯಲು ನೋಡಿದಳು.

"ನಿನಗೆ ಯಾವಾಗಿನಿಂದ?"

"ಮಂಚ ಕೊಯ್ದಾಗಿನಿಂದ."

"ಹೇಳಬಾರದಿತ್ತೇನೋ ನನಗೆ" ಎಂದಳು, ಜ್ವರ ಬಂದದ್ದನ್ನು ಮುಚ್ಚಿಟ್ಟ ಮಗನಿಗೆ ಹೇಳುವ ಹಾಗೆ. ಗೋಣಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬಾಗಿದ ರಾಡನ್ನು, ಯಾರೂ ತೋರಿಸದೆಯೇ, ನಾಲ್ಕರಲ್ಲಿ ಅದನ್ನೇ ಎತ್ತಿಕೊಂಡು ಮಡಿಲಲ್ಲಿಟ್ಟಳು. ಅದರ ಬಾಗನ್ನು ಹೆಬ್ಬೆರಳಿನಿಂದ ನೀವಿದಳು. ಸದ್ದು ತುಸು ಮೆತ್ತಗಾಯಿತೆಂದು ಅವನಿಗೆ ಅನ್ನಿಸಿತು; ಅಥವಾ ಹತ್ತಿರವಾಯಿತು. ಬಿಸಿಲು ಗೋಡೆಯಿಂದ ಇಳಿದು ಸ್ಟ್ಯಾಂಡಿನ ಕಾಲಿಗೆ ಬಂದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕಾರು ಹೊರಡುತ್ತದೆ. ಆಮೇಲೆ ಅವನು ಮುಂಬಾಗಿಲು ಹಾಕಿಕೊಂಡು, ನಡುಮನೆಯಲ್ಲಿ ಕೂತು, ನಾಳೆಯ ಮಧ್ಯಾಹ್ನ, ನಾಳಿದ್ದಿನ ಮಧ್ಯಾಹ್ನ. ಯಾರೋ ಮಲಗಲು ಜಾಗವಿಲ್ಲದೆ ದುಡಿಯುತ್ತಲೇ ಇರುತ್ತಾರೆ, ಯಾರು ಚಾಲೂ ಮಾಡಿದ್ದೆಂದು ಕೇಳುವುದಕ್ಕೂ ಮನೆಯಲ್ಲಿ ಒಂದು ಬಾಯಿ ಇರುವುದಿಲ್ಲ. ಅವನು ಮಂಡಿಯೂರಿ ಕೂತ. ಗ್ರೀಸಿನ ಕೈಗಳಿಂದಲೇ ಅಮ್ಮನ ಪಾದ ಹಿಡಿದುಕೊಂಡ.

"ಅಮ್ಮಾ, ನಿನಗೋಸ್ಕರ ಅಲ್ಲ. ನನಗೋಸ್ಕರ. ನನ್ನ ಒಬ್ಬನ್ನೇ ಇದರ ಜೊತೆ ಬಿಟ್ಟು ಹೋಗಬೇಡ. ಒಂದು ಸುಳ್ಳು ಹೇಳು, ಪಾಪ ನನಗೆ ಬರಲಿ. ಕೇಳಿಸಲ್ಲ ಅಂತ ಅಂದ್ಬಿಡು."

ಅಕ್ಕನ ಹೆಜ್ಜೆ ನಡುಮನೆಯಲ್ಲಿ ಕೇಳಿಸಿತು. ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು.

"ನಾನು ಅಂದದ್ದು ಅವರಿಗೂ ಕೇಳಿಸುತ್ತೆ ಕಣೋ" ಎಂದಳು. "ಅನ್ನಲ್ಲ."